ವಿರಾಜಪೇಟೆಯ ಮುತ್ತಮ್ಮ ಮತ್ತು ರಾಯಭಾರಿ ಎಂಬ ಕೆಲಸ

2024ರ ಅಕ್ಟೋಬರ್‌ನಲ್ಲಿ ಭಾರತ ಕೆನಡಾದಿಂದ ತನ್ನ ಹೈಕಮಿಷನರನ್ನು ವಾಪಸ್ ಕರೆಸಿಕೊಂಡಿತು, ದಿಲ್ಲಿಯಲ್ಲಿದ್ದ ಕೆನಡಾದ ಆರು ರಾಜತಾಂತ್ರಿಕರಿಗೆ ದೇಶ ಬಿಡಲು ಹೇಳಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ನಡೆದಾಗ, ಭಾರತ ಮತ್ತು ಪಾಕಿಸ್ತಾನದ ಹೈಕಮಿಷನ್‌ಗಳ ಸಿಬ್ಬಂದಿಯನ್ನು 55ರಿಂದ 30ಕ್ಕೆ ಇಳಿಸಬೇಕು ಎಂದು ನಮ್ಮ ಸರ್ಕಾರ ಪ್ರಕಟಿಸಿತು. ಆ ದಿನಗಳಲ್ಲಿ ಟಿವಿ ಹಾಕಿದರೆ ಸಾಕು, ರಾಜತಾಂತ್ರಿಕ, ರಾಯಭಾರಿ, ಹೈಕಮಿಷನರ್ ಅನ್ನೋ ಮಾತುಗಳೇ. ಆದರೆ ಇವರು ಯಾರು, ಈ ಕೆಲಸಕ್ಕೆ ಸೇರೋದು ಹೇಗೆ, ದಿನವಿಡೀ ಏನು ಮಾಡುತ್ತಾರೆ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ಒಬ್ಬರ ಬದುಕನ್ನು ಹಿಡಿದು ನೋಡುವುದು ಸುಲಭ. ನಾನು ಆರಿಸಿಕೊಂಡಿರುವುದು ಕೊಡಗಿನ ಸಿ.ಬಿ. ಮುತ್ತಮ್ಮ ಅವರನ್ನು. ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ನಮ್ಮ ನೆಲದವರು, ಆದರೂ ನಮ್ಮಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ವೃತ್ತಿ ರಾಜತಾಂತ್ರಿಕ ಅಂದರೆ

ಒಂದು ದೇಶದ ಪರವಾಗಿ ಇನ್ನೊಂದು ದೇಶದ ಜೊತೆ ಮಾತಾಡುವುದೇ ಉದ್ಯೋಗವಾಗಿರುವ ಅಧಿಕಾರಿಯನ್ನು ರಾಜತಾಂತ್ರಿಕ ಅನ್ನುತ್ತೇವೆ. ಇವರಲ್ಲಿ ಎರಡು ಬಗೆ. ಪರೀಕ್ಷೆ ಬರೆದು, ಕೆಳಗಿನ ಹುದ್ದೆಯಿಂದ ಶುರುಮಾಡಿ, ನಿವೃತ್ತಿಯವರೆಗೂ ಇದೇ ಕೆಲಸ ಮಾಡುವವರು ಒಂದು ಬಗೆ. ಇವರೇ ವೃತ್ತಿ ರಾಜತಾಂತ್ರಿಕರು. ಇನ್ನೊಂದು ಬಗೆಯವರನ್ನು ಸರ್ಕಾರ ಹೊರಗಿನಿಂದ ನೇರವಾಗಿ ನೇಮಿಸುತ್ತದೆ. 1947ರಲ್ಲಿ ರಾಯಭಾರಿಯಾಗಿ ಮಾಸ್ಕೋಗೆ ಹೋದ, ನೆಹರೂ ಅವರ ತಂಗಿ ವಿಜಯಲಕ್ಷ್ಮಿ ಪಂಡಿತ್ ಅಂಥವರು. ಕೊಡಗಿನವರೇ ಆದ ಜನರಲ್ ಕಾರ್ಯಪ್ಪ ಸೇನೆಯಿಂದ 1953ರಲ್ಲಿ ನಿವೃತ್ತರಾದ ಮೇಲೆ ಆಸ್ಟ್ರೇಲಿಯಾಕ್ಕೆ ಹೈಕಮಿಷನರ್ ಆಗಿ ಹೋದದ್ದೂ ಹೀಗೆಯೇ.

ಹಾಗಾಗಿ ಮುತ್ತಮ್ಮ ಅವರನ್ನು ‘ಭಾರತದ ಮೊದಲ ಮಹಿಳಾ ರಾಯಭಾರಿ’ ಎಂದು ಸುಮ್ನೆ ಬರೆದುಬಿಟ್ಟರೆ ಪೂರ್ತಿ ಸರಿಯಾಗುವುದಿಲ್ಲ. ವಿಜಯಲಕ್ಷ್ಮಿ ಪಂಡಿತ್ ಮೊದಲೇ ಆಗಿದ್ದರು. ವಿದೇಶಾಂಗ ಸೇವೆಯ ಒಳಗಿನಿಂದಲೇ ಮೇಲೆ ಬಂದು ರಾಯಭಾರಿಯಾದ ಮೊದಲ ಮಹಿಳೆ ಮುತ್ತಮ್ಮ.

ಈ ಸೇವೆಗೆ ಇಂಡಿಯನ್ ಫಾರಿನ್ ಸರ್ವಿಸ್, ಐಎಫ್‌ಎಸ್ ಅಂತ ಹೆಸರು. ಅರಣ್ಯ ಸೇವೆಯನ್ನೂ ಐಎಫ್‌ಎಸ್ ಅಂತಲೇ ಕರೆಯುತ್ತಾರೆ, ಅದು ಬೇರೆ. ವಿದೇಶಾಂಗ ಸೇವೆ ಹುಟ್ಟಿದ್ದು 1946ರ ಅಕ್ಟೋಬರ್ 9ರಂದು, ಅಂದರೆ ಸ್ವಾತಂತ್ರ್ಯಕ್ಕೂ ಸುಮಾರು ಹತ್ತು ತಿಂಗಳು ಮುಂಚೆ. ದೇಶ ಸ್ವತಂತ್ರವಾದ ದಿನದಿಂದಲೇ ಬೇರೆ ದೇಶಗಳಲ್ಲಿ ನಮ್ಮ ಕಚೇರಿಗಳು ಬೇಕು, ಅಲ್ಲಿ ಕೂರಲು ಜನ ಬೇಕು. ಅವರನ್ನು ತಯಾರುಮಾಡುವ ಕೆಲಸ ಆಗ ಶುರುವಾಯಿತು.

ವಿರಾಜಪೇಟೆಯಿಂದ ಪ್ಯಾರಿಸ್‌ಗೆ

ಮುತ್ತಮ್ಮ ಹುಟ್ಟಿದ್ದು 1924ರ ಜನವರಿ 24ರಂದು, ವಿರಾಜಪೇಟೆಯಲ್ಲಿ. ಪೂರ್ತಿ ಹೆಸರು ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. ಆಗಿನ್ನೂ ಕೊಡಗು ಕರ್ನಾಟಕದ ಜಿಲ್ಲೆ ಅಲ್ಲ. ಬ್ರಿಟಿಷರ ಆಡಳಿತದ ಪ್ರತ್ಯೇಕ ಪ್ರಾಂತ್ಯ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ತಂದೆ ಅರಣ್ಯಾಧಿಕಾರಿ. ಮಗಳಿಗೆ ಒಂಬತ್ತು ವರ್ಷ ಇದ್ದಾಗಲೇ ಅವರು ತೀರಿಕೊಂಡರು. ನಾಲ್ವರು ಮಕ್ಕಳನ್ನು ತಾಯಿಯೇ ಓದಿಸಿದರು. ಮಡಿಕೇರಿಯ ಸೇಂಟ್ ಜೋಸೆಫ್ಸ್ ಹೆಣ್ಣುಮಕ್ಕಳ ಶಾಲೆ, ಆಮೇಲೆ ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ಅಲ್ಲಿ ಚಿನ್ನದ ಪದಕಗಳು, ನಂತರ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ.

1948ರಲ್ಲಿ ಲೋಕಸೇವಾ ಆಯೋಗದ ಪರೀಕ್ಷೆ ಬರೆದು ಪಾಸಾದರು. ಆ ಪರೀಕ್ಷೆ ಗೆದ್ದ ಮೊದಲ ಮಹಿಳೆ ಅವರು. ಆದರೆ ಸಂದರ್ಶನದಲ್ಲಿ ಕೂತಿದ್ದವರಿಗೆ ಇದು ಇಷ್ಟವಿರಲಿಲ್ಲ. ವಿದೇಶಾಂಗ ಸೇವೆ ಹೆಂಗಸರಿಗೆ ಹೇಳಿಸಿದ್ದಲ್ಲ ಎಂದು ಅವರ ಮನಸ್ಸು ತಿರುಗಿಸಲು ನೋಡಿದರು. ಮುತ್ತಮ್ಮ ಜಗ್ಗಲಿಲ್ಲ. 1949ರಲ್ಲಿ ಸೇವೆಗೆ ಸೇರಿದರು. ಸೇರುವಾಗ ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು: ಮದುವೆಯಾದರೆ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ ಅಂತ. ಈ ಕಾಗದದ ಕಥೆಗೆ ಆಮೇಲೆ ಬರುತ್ತೇನೆ, ಅದು ಸಣ್ಣದಲ್ಲ.

ಮೊದಲ ಪೋಸ್ಟಿಂಗ್ ಪ್ಯಾರಿಸ್. ಮುಂದೆ ರಂಗೂನ್, ಲಂಡನ್, ನಡುವೆ ದಿಲ್ಲಿಯ ವಿದೇಶಾಂಗ ಸಚಿವಾಲಯದಲ್ಲಿ ಪಾಕಿಸ್ತಾನ ಮತ್ತು ಅಮೆರಿಕ ವಿಭಾಗಗಳ ಕೆಲಸ. ಈ ಅಧಿಕಾರಿಗಳ ಬದುಕು ಇವತ್ತಿಗೂ ಹೀಗೆಯೇ ಸಾಗುತ್ತದೆ. ಹೊರಗೆ ಸಾಮಾನ್ಯವಾಗಿ ಮೂರು ವರ್ಷ, ಮತ್ತೊಂದು ದೇಶದಲ್ಲಿ ಇನ್ನಷ್ಟು ವರ್ಷ, ಆಮೇಲೆ ದಿಲ್ಲಿ, ಮತ್ತೆ ಹೊರಗೆ. ಮನೆ ಕಟ್ಟಿ ಒಂದೂರಲ್ಲಿ ನೆಲೆ ನಿಲ್ಲುವ ಮಾತೇ ಇಲ್ಲ. ಮಕ್ಕಳಿದ್ದರೆ ಶಾಲೆ ಬದಲಾಗುತ್ತಲೇ ಇರುತ್ತದೆ. ಊರಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂದರೆ ತಕ್ಷಣ ಬರಲು ಆಗುವುದಿಲ್ಲ. ಜನ ನೋಡುವುದು ಸೂಟು, ಔತಣ, ಫೋಟೋ. ಈ ಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಹುದ್ದೆಗಳ ಸಾಲು ಹೀಗಿದೆ. ಹೊಸಬರು ತೃತೀಯ ಕಾರ್ಯದರ್ಶಿ. ಆಮೇಲೆ ದ್ವಿತೀಯ, ಪ್ರಥಮ ಕಾರ್ಯದರ್ಶಿ, ಕೌನ್ಸೆಲರ್, ಮಿನಿಸ್ಟರ್. ಈ ಮಿನಿಸ್ಟರ್ ಅಂದರೆ ಮಂತ್ರಿ ಅಲ್ಲ, ರಾಯಭಾರಿಗಿಂತ ಕೆಳಗಿನ ಅಧಿಕಾರಿ. ಎಲ್ಲಕ್ಕಿಂತ ಮೇಲೆ ರಾಯಭಾರಿ. ಇಡೀ ಸೇವೆಯ ಮುಖ್ಯಸ್ಥರು ದಿಲ್ಲಿಯಲ್ಲಿ ಕೂರುವ ವಿದೇಶಾಂಗ ಕಾರ್ಯದರ್ಶಿ.

ರಾಯಭಾರಿ ಆಗುವುದು ಹೇಗೆ?

1970ರಲ್ಲಿ ಮುತ್ತಮ್ಮ ಅವರನ್ನು ಹಂಗೆರಿಗೆ ರಾಯಭಾರಿಯಾಗಿ ನೇಮಿಸಿದರು. ಸೇರಿ ಸುಮಾರು ಇಪ್ಪತ್ತು ವರ್ಷ ಆಗಿತ್ತು. ಆಮೇಲೆ ಘಾನಾದ ಅಕ್ರಾ, ಕೊನೆಗೆ ನೆದರ್ಲೆಂಡ್ಸ್‌ನ ಹೇಗ್.

ರಾಯಭಾರಿಗೂ ಹೈಕಮಿಷನರಿಗೂ ಏನು ವ್ಯತ್ಯಾಸ ಅಂತ ಬಹಳ ಜನ ಕೇಳುತ್ತಾರೆ. ಕೆಲಸದಲ್ಲಿ ಏನೂ ಇಲ್ಲ. ಒಂದು ಕಾಲಕ್ಕೆ ಬ್ರಿಟಿಷ್ ಸಾಮ್ರಾಜ್ಯದಲ್ಲಿದ್ದ ದೇಶಗಳೇ ಹೆಚ್ಚಾಗಿರುವ ಕಾಮನ್‌ವೆಲ್ತ್ ಕೂಟದ ಒಳಗೆ ಹೈಕಮಿಷನರ್ ಅನ್ನುತ್ತಾರೆ, ಹೊರಗಿನ ದೇಶಗಳಿಗೆ ರಾಯಭಾರಿ ಅನ್ನುತ್ತಾರೆ. ಘಾನಾ ಕಾಮನ್‌ವೆಲ್ತ್ ದೇಶ, ಹಾಗಾಗಿ ಅಲ್ಲಿ ನಮ್ಮದು ಹೈಕಮಿಷನ್. ಹಂಗೆರಿ, ನೆದರ್ಲೆಂಡ್ಸ್ ಅಲ್ಲ, ಅಲ್ಲಿ ರಾಯಭಾರ ಕಚೇರಿ. ಕೆನಡಾ, ಪಾಕಿಸ್ತಾನದ ಸುದ್ದಿಯಲ್ಲಿ ಹೈಕಮಿಷನರ್ ಎಂದು ಬರುವುದಕ್ಕೂ ಕಾರಣ ಇದೇ.

ನಾವು ಹೆಸರು ಘೋಷಿಸಿದ ತಕ್ಷಣ ಯಾರೂ ರಾಯಭಾರಿ ಆಗುವುದಿಲ್ಲ. ಮೊದಲು ಆ ದೇಶವನ್ನು ಗುಟ್ಟಾಗಿ ಕೇಳಬೇಕು: ಇಂಥವರನ್ನು ಕಳಿಸಬೇಕು ಅಂತಿದ್ದೇವೆ, ನಿಮಗೆ ಒಪ್ಪಿಗೆಯೇ? ನಮ್ಮಲ್ಲಿ ಸಂಬಂಧ ಕುದುರಿಸುವಾಗ ನಡುವಿನವರ ಮೂಲಕ ಮೆಲ್ಲಗೆ ಕೇಳಿ ನೋಡುತ್ತಾರಲ್ವಾ, ಹಾಗೆ. ಆ ಕಡೆಯವರಿಗೆ ಇಷ್ಟವಿಲ್ಲದಿದ್ದರೆ ಬೇಡ ಅನ್ನಬಹುದು, ಕಾರಣ ಹೇಳಬೇಕಾಗಿಲ್ಲ. ವಿಷಯ ಅಲ್ಲಿಗೇ ಮುಗಿಯುತ್ತದೆ, ಎರಡೂ ಕಡೆ ಮಾನ ಉಳಿಯುತ್ತದೆ. ಒಪ್ಪಿಗೆ ಬಂದ ಮೇಲಷ್ಟೇ ಹೆಸರು ಹೊರಗೆ ಬರುತ್ತದೆ.

ಹೊಸ ರಾಯಭಾರಿ ಆ ದೇಶಕ್ಕೆ ಹೋಗುವಾಗ ಕೈಯಲ್ಲಿ ಒಂದು ಪತ್ರ ಇರುತ್ತದೆ. ನಮ್ಮ ರಾಷ್ಟ್ರಪತಿ ಆ ದೇಶದ ರಾಷ್ಟ್ರಪತಿಗೋ ರಾಜನಿಗೋ ಬರೆದ ರುಜುವಾತು ಪತ್ರ. ಇವರು ನನ್ನ ಪ್ರತಿನಿಧಿ, ಇವರ ಮಾತನ್ನು ನನ್ನ ಮಾತೆಂದು ನಂಬಿ ಎಂಬುದು ಅದರ ಸಾರ. ಅದರ ಪ್ರತಿಯೊಂದನ್ನು ಮೊದಲು ಅಲ್ಲಿನ ವಿದೇಶಾಂಗ ಇಲಾಖೆಗೆ ಕೊಡುತ್ತಾರೆ. ಆಮೇಲೆ ಒಂದು ದಿನ ಗೊತ್ತುಮಾಡಿ, ಸಮಾರಂಭದಲ್ಲಿ ಮೂಲ ಪತ್ರವನ್ನು ಒಪ್ಪಿಸುತ್ತಾರೆ. ರಾಷ್ಟ್ರಪತಿ ಭವನದಲ್ಲಿ ವಿದೇಶಿ ರಾಯಭಾರಿಗಳು ಲಕೋಟೆ ಕೊಡುವ ಫೋಟೋ ನೋಡಿರುತ್ತೀರಿ, ಅದು ಇದೇ.

ಇನ್ನೊಂದು ಸಂಗತಿ ಇದೆ. ಒಂದು ರಾಜಧಾನಿಯಲ್ಲಿ ನೂರಾರು ರಾಯಭಾರಿಗಳು ಇರಬಹುದು. ಅವರಲ್ಲಿ ಯಾರು ಹಿರಿಯರು? ದೊಡ್ಡ ದೇಶದವರೇ? ಅಲ್ಲ. ಯಾರು ಮೊದಲು ಅಧಿಕಾರ ವಹಿಸಿಕೊಂಡರೋ ಅವರು. ತಾರೀಖು ಮತ್ತು ಗಂಟೆ ನೋಡಿ ಇದನ್ನು ತೀರ್ಮಾನಿಸಬೇಕು ಅಂತ, ರಾಜತಾಂತ್ರಿಕರ ಬಗ್ಗೆ ದೇಶಗಳು ಸೇರಿ ಮಾಡಿಕೊಂಡ 1961ರ ವಿಯೆನ್ನಾ ಒಪ್ಪಂದ ಹೇಳುತ್ತದೆ. ಅಮೆರಿಕದ ರಾಯಭಾರಿ ನಿನ್ನೆ ಬಂದು, ಭೂತಾನದವರು ಮೊನ್ನೆ ಬಂದಿದ್ದರೆ ಸಾಲಿನಲ್ಲಿ ಭೂತಾನವೇ ಮುಂದೆ. ಈ ಉದ್ಯೋಗದಲ್ಲಿ ಹಿರಿತನ, ತಾರೀಖು ಎಷ್ಟು ಮುಖ್ಯ ಅಂತ ಇದರಿಂದ ತಿಳಿಯುತ್ತದೆ.

ದಿನವಿಡೀ ಏನು ಮಾಡುತ್ತಾರೆ?

ಜಾಸ್ತಿ ಸಮಯ ಹೋಗುವುದು ಜನರನ್ನು ಭೇಟಿಯಾಗುವುದರಲ್ಲಿ ಮತ್ತು ಬರೆಯುವುದರಲ್ಲಿ. ಆ ದೇಶದ ಮಂತ್ರಿ, ವಿರೋಧ ಪಕ್ಷದವರು, ಪತ್ರಕರ್ತರು, ವ್ಯಾಪಾರಿಗಳು, ಬೇರೆ ದೇಶಗಳ ರಾಯಭಾರಿಗಳು. ಎಲ್ಲರ ಜೊತೆ ಮಾತು. ವಾಪಸ್ ಬಂದು, ಯಾರು ಏನಂದರು, ಅದರ ಹಿಂದೆ ಏನಿರಬಹುದು, ಭಾರತಕ್ಕೆ ಇದರಿಂದ ಏನಾಗಬಹುದು ಎಂದು ದಿಲ್ಲಿಗೆ ಗೂಢಲಿಪಿಯಲ್ಲಿ ವರದಿ. ರಾತ್ರಿ ಔತಣಕ್ಕೆ ಹೋಗುವುದೂ ಕೆಲಸದ ಭಾಗವೇ. ಎದುರಾಎದುರು ಮೇಜಿನಲ್ಲಿ ಹೇಳದ ಮಾತು ಊಟದ ಹೊತ್ತಿಗೆ ಹೊರಗೆ ಬರುತ್ತದೆ.

ಇದರ ಜೊತೆ ಒಪ್ಪಂದಗಳ ಮಾತುಕತೆ, ನಮ್ಮ ಸರಕಿಗೆ ಮಾರುಕಟ್ಟೆ ಹುಡುಕುವುದು, ದಿಲ್ಲಿಯಿಂದ ಬರುವ ಮಂತ್ರಿಗಳ ಭೇಟಿಗೆ ಏರ್ಪಾಡು. ನಮ್ಮಂಥವರಿಗೆ ನೇರವಾಗಿ ಬೇಕಾಗುವುದು ಕಾನ್ಸುಲರ್ ವಿಭಾಗ. ಪಾಸ್‌ಪೋರ್ಟ್ ಕಳೆದುಹೋದರೆ, ಅಲ್ಲಿ ಯಾರಾದರೂ ಜೈಲಿಗೆ ಬಿದ್ದರೆ, ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದ ಮಂಗಳೂರಿನವರೋ ಭಟ್ಕಳದವರೋ ತೀರಿಕೊಂಡು ಶವ ಊರಿಗೆ ಬರಬೇಕಾದರೆ, ಅವರ ಬಾಗಿಲನ್ನೇ ತಟ್ಟಬೇಕು.

ಅವರನ್ನು ಬಂಧಿಸುವ ಹಾಗಿಲ್ಲ ಯಾಕೆ?

ಮೇಲೆ ಹೇಳಿದ ವಿಯೆನ್ನಾ ಒಪ್ಪಂದವೇ ಇದಕ್ಕೂ ಆಧಾರ. ರಾಜತಾಂತ್ರಿಕರನ್ನು ಬಂಧಿಸುವಂತಿಲ್ಲ, ರಾಯಭಾರ ಕಚೇರಿಯೊಳಗೆ ಒಪ್ಪಿಗೆಯಿಲ್ಲದೆ ಪೊಲೀಸರು ಕಾಲಿಡುವಂತಿಲ್ಲ. ಸುಳ್ಳು ಕೇಸು ಹಾಕಿ ಹೆದರಿಸಬಹುದು ಅನ್ನೋ ಭಯ ಇದ್ದರೆ ಯಾರೂ ತಮ್ಮ ದೇಶದ ಪರವಾಗಿ ಧೈರ್ಯವಾಗಿ ಮಾತಾಡಲಾರರು. ಹಾಗಂತ ಅವರು ಅಲ್ಲಿನ ಕಾನೂನಿಗೆ ಹೊರಗಿನವರಲ್ಲ, ಪಾಲಿಸಲೇಬೇಕು ಅಂತಲೂ ಅದೇ ಒಪ್ಪಂದದಲ್ಲಿದೆ. ತಪ್ಪು ಮಾಡಿದರೆ ಅವರ ದೇಶವೇ ರಕ್ಷಣೆ ಹಿಂತೆಗೆದುಕೊಳ್ಳಬಹುದು. ಇಲ್ಲವೇ ಅಲ್ಲಿನ ಸರ್ಕಾರ ‘ಈ ವ್ಯಕ್ತಿ ನಮಗೆ ಬೇಡ’ ಎಂದು ಘೋಷಿಸಿ ಹೊರಗೆ ಕಳಿಸಬಹುದು. ಇದಕ್ಕೂ ಕಾರಣ ಕೊಡಬೇಕಾಗಿಲ್ಲ. ಸುದ್ದಿಯಲ್ಲಿ ‘ಅನಪೇಕ್ಷಿತ ವ್ಯಕ್ತಿ’ ಅಂತ ಬರುವುದು ಇದನ್ನೇ.

ಕಾನ್ಸುಲೇಟ್‌ಗಳಲ್ಲಿ, ಅಂದರೆ ರಾಜಧಾನಿ ಬಿಟ್ಟು ಬೇರೆ ನಗರಗಳಲ್ಲಿರುವ ನಮ್ಮ ಕಚೇರಿಗಳಲ್ಲಿ, ಕೆಲಸ ಮಾಡುವವರಿಗೆ ರಕ್ಷಣೆ ಕಡಿಮೆ. ಅದಕ್ಕೆ 1963ರ ಬೇರೆ ಒಪ್ಪಂದ ಇದೆ. 2013ರಲ್ಲಿ ನ್ಯೂಯಾರ್ಕ್‌ನಲ್ಲಿ ಭಾರತದ ಕಾನ್ಸುಲರ್ ಅಧಿಕಾರಿಯೊಬ್ಬರನ್ನು ಬಂಧಿಸಿದಾಗ ಎರಡೂ ದೇಶಗಳ ನಡುವೆ ಅಷ್ಟು ಜಗಳ ಆದದ್ದು ಈ ವ್ಯತ್ಯಾಸದ ಮೇಲೆಯೇ.

ಮದುವೆಗೆ ಸರ್ಕಾರದ ಅಪ್ಪಣೆ

ಈಗ ಆ ಮುಚ್ಚಳಿಕೆಗೆ ಬರೋಣ. ಮುತ್ತಮ್ಮ ಸೇರಿದಾಗ ಇದ್ದ ಆ ಪದ್ಧತಿ 1961ರಲ್ಲಿ ನಿಯಮವಾಗಿಯೇ ಅಚ್ಚಾಗಿತ್ತು. ವಿದೇಶಾಂಗ ಸೇವೆಯ ನಡತೆ ನಿಯಮಗಳಲ್ಲಿ 8(2) ಎಂಬುದೊಂದು ಇತ್ತು. ಮಹಿಳಾ ಅಧಿಕಾರಿ ಮದುವೆಯಾಗುವ ಮುಂಚೆ ಸರ್ಕಾರದಿಂದ ಬರಹದಲ್ಲಿ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ, ಸಂಸಾರದ ಜವಾಬ್ದಾರಿಯಿಂದ ಇವರ ಕೆಲಸಕ್ಕೆ ಅಡ್ಡಿಯಾಗಬಹುದು ಎಂದು ಸರ್ಕಾರಕ್ಕೆ ಅನ್ನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ಅಡ್ಡಿಯಾಗಿದೆ ಎಂದು ತೋರಿಸಬೇಕಾಗಿಲ್ಲ, ಆಗಬಹುದು ಅನ್ನಿಸಿದರೆ ಸಾಕು. ನೇಮಕಾತಿ ನಿಯಮಗಳಲ್ಲಿ 18(4) ಎಂಬ ಇನ್ನೊಂದು ನಿಯಮ. ಮದುವೆಯಾದ ಹೆಣ್ಣಿಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ ಎಂದು ಅದರ ಅರ್ಥ.

ಗಂಡಸರಿಗೆ ಇದಾವುದೂ ಇರಲಿಲ್ಲ. ಯೋಚಿಸಿ ನೋಡಿ. ಗಂಡು ಅಧಿಕಾರಿ ಮದುವೆಯಾದರೆ ಅದು ಕೆಲಸಕ್ಕೆ ಅನುಕೂಲ ಎಂದೇ ಲೆಕ್ಕ. ಮನೆಗೆ ಬಂದ ವಿದೇಶಿ ಅತಿಥಿಗಳಿಗೆ ಔತಣ ನೋಡಿಕೊಳ್ಳುವುದು, ಊರಿಂದೂರಿಗೆ ಸಂಸಾರ ಸಾಗಿಸುವುದು, ಎಲ್ಲವನ್ನೂ ಹೆಂಡತಿ ಸಂಬಳವಿಲ್ಲದೆ ಮಾಡುತ್ತಿದ್ದಳು. ಅದೇ ಮದುವೆ ಹೆಣ್ಣು ಅಧಿಕಾರಿಗೆ ಮಾತ್ರ ಅನರ್ಹತೆ ಆಗಿಬಿಡುತ್ತಿತ್ತು.

ಮುತ್ತಮ್ಮ ಮದುವೆಯಾಗಲಿಲ್ಲ. ಹಾಗಾದರೆ ಈ ನಿಯಮಗಳಿಂದ ಅವರಿಗೇನು ತೊಂದರೆ ಅಂತ ಕೇಳಬಹುದು. ಅವರಿಗೆ ಪೆಟ್ಟು ಬಿದ್ದದ್ದು ಬಡ್ತಿಯಲ್ಲಿ. ಗ್ರೇಡ್ 1 ಎಂಬ ಮೇಲಿನ ಶ್ರೇಣಿಗೆ ಅವರ ಹೆಸರು ಬಂದಾಗ, ಸಾಕಷ್ಟು ಅರ್ಹತೆ ಇಲ್ಲ ಎಂದು ಕೈಬಿಟ್ಟರು. ಅವರಿಗಿಂತ ಕಿರಿಯರಾದ ಕೆಲವರಿಗೆ ಬಡ್ತಿ ಸಿಕ್ಕಿತು. ಆಗಲೇ ರಾಯಭಾರಿಯಾಗಿ ಕೆಲಸ ಮಾಡಿದ್ದ ಅಧಿಕಾರಿ ಅವರು! 1979ರಲ್ಲಿ ನೇರ ಸುಪ್ರೀಂ ಕೋರ್ಟಿಗೆ ಹೋದರು. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ಯಾರು ಬೇಕಾದರೂ ಹೀಗೆ ಹೋಗಲು ಸಂವಿಧಾನದ 32ನೇ ವಿಧಿಯಲ್ಲಿ ಅವಕಾಶ ಇದೆ. ಸೇವೆಯಲ್ಲಿ ಇನ್ನೂ ಇರುವಾಗಲೇ ತಮ್ಮದೇ ಸರ್ಕಾರದ ಮೇಲೆ ಕೇಸು ಹಾಕುವುದಕ್ಕೆ ಎಂಥ ಗುಂಡಿಗೆ ಬೇಕು ಅಂತ ಸರ್ಕಾರಿ ಕೆಲಸದಲ್ಲಿರುವವರಿಗೆ ಗೊತ್ತು.

ಅವರ ವಾದ ಇಷ್ಟು. ನನಗೆ ಬಡ್ತಿ ತಪ್ಪಿದ್ದು ಕೆಲಸದಲ್ಲಿನ ಕೊರತೆಯಿಂದಲ್ಲ, ಹೆಣ್ಣು ಎಂಬ ಕಾರಣಕ್ಕೆ. ಈ ಸೇವೆಯಲ್ಲಿ ಹೆಣ್ಣುಮಕ್ಕಳನ್ನು ಹೇಗೆ ಕಾಣುತ್ತಾರೆ ಎಂಬುದಕ್ಕೆ ಸಾಕ್ಷಿ ಬೇಕಾದರೆ ನಿಮ್ಮದೇ ನಿಯಮ ಪುಸ್ತಕ ತೆಗೆದು ನೋಡಿ. ಆ ಎರಡು ನಿಯಮಗಳು ಕೋರ್ಟಿನ ಮುಂದೆ ಬಂದದ್ದು ಹೀಗೆ.

ಕೋರ್ಟ್ ಹೇಳಿದ್ದೇನು?

1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ತಮಾಷೆ ಅಲ್ಲ, ಕೆಲವೇ ಪುಟಗಳ ಈ ತೀರ್ಪನ್ನು ಇವತ್ತಿಗೂ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಸಂವಿಧಾನದ 14ನೇ ವಿಧಿ ಎಲ್ಲರೂ ಕಾನೂನಿನ ಮುಂದೆ ಸಮಾನರು ಅನ್ನುತ್ತದೆ. 16ನೇ ವಿಧಿ ಸರ್ಕಾರಿ ಕೆಲಸದಲ್ಲಿ ಸಮಾನ ಅವಕಾಶ ಕೊಡಬೇಕು, ಗಂಡು ಹೆಣ್ಣು ಎಂದು ಭೇದ ಮಾಡಬಾರದು ಅನ್ನುತ್ತದೆ. ಇವೆರಡರ ಎದುರು ಆ ನಿಯಮಗಳನ್ನು ಇಟ್ಟು ನೋಡಿದ ಕೃಷ್ಣ ಅಯ್ಯರ್, ಹೆಣ್ಣಿನ ಸಂಸಾರ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಸಂಸಾರವೂ ಅಡ್ಡಿಯಾಗಬಹುದಲ್ಲ ಎಂದು ಕೇಳಿದರು. ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದರೂ ಸೇವಾ ನಿಯಮಗಳಲ್ಲಿ ಹೆಣ್ಣಿನ ಬಗ್ಗೆ ಪೂರ್ವಗ್ರಹ ಉಳಿದಿದೆ, ಪುಸ್ತಕದಲ್ಲಿರುವ ಸಂವಿಧಾನಕ್ಕೂ ನಡೆಯುತ್ತಿರುವ ಕಾನೂನಿಗೂ ಎಷ್ಟು ದೂರ ಎಂದು ಬರೆದರು. ಗಂಡು ಹೆಣ್ಣು ಎಲ್ಲ ಕೆಲಸಕ್ಕೂ, ಎಲ್ಲ ಸಂದರ್ಭದಲ್ಲೂ ಒಂದೇ ಎಂದು ನಾವು ಸಾರಾಸಗಟಾಗಿ ಹೇಳುತ್ತಿಲ್ಲ ಎಂಬ ಮಾತೂ ಅದರಲ್ಲಿದೆ. ಭೇದಕ್ಕೆ ಕಾರಣ ಎದ್ದು ಕಾಣುವಂತಿಲ್ಲದಿದ್ದರೆ ಸಮಾನತೆಯೇ ನಿಯಮ ಎಂಬುದು ಅವರ ನಿಲುವು.

ಕೇಸು ಗೆದ್ದರಾ? ತಾಂತ್ರಿಕವಾಗಿ ಅರ್ಜಿ ವಜಾ ಆಯಿತು. ಯಾಕೆಂದರೆ ಕೇಸು ಹಾಕಿದ ಮೇಲೆ ಸರ್ಕಾರ ಅವರಿಗೆ ಬಡ್ತಿ ಕೊಟ್ಟುಬಿಟ್ಟಿತ್ತು. 18(4) ಆಗಲೇ ತೆಗೆದುಹಾಕಿದ್ದೇವೆ, 8(2)ನ್ನೂ ತೆಗೆಯುತ್ತಿದ್ದೇವೆ ಎಂದು ಸರ್ಕಾರದ ವಕೀಲರು ಕೋರ್ಟಿಗೆ ತಿಳಿಸಿದರು. ಇನ್ನು ಕೊಡಿಸಲು ಏನು ಉಳಿದಿತ್ತು? ಒಂದು ಉಳಿದಿತ್ತು. ಬಡ್ತಿ ತಡವಾದ ಆ ಕೆಲವು ತಿಂಗಳಲ್ಲಿ ಕಿರಿಯರು ಅವರನ್ನು ದಾಟಿಹೋಗಿದ್ದರು. ಹೊರಗಿನವರಿಗೆ ಕೆಲವು ತಿಂಗಳು ಏನು ಮಹಾ ಅನ್ನಿಸಬಹುದು. ಆದರೆ ಮುಂದಿನ ಹುದ್ದೆ ಯಾರಿಗೆ, ಯಾವ ರಾಜಧಾನಿ ಯಾರಿಗೆ ಎಂಬ ಮಾತು ಬಂದಾಗ ಹಿರಿತನವನ್ನು ನೋಡುತ್ತಾರೆ. ಅದಕ್ಕೇ ಕೋರ್ಟ್, ಅವರ ಹಿರಿತನವನ್ನು ಮತ್ತೆ ಪರಿಶೀಲಿಸಿ, ಅನ್ಯಾಯವಾಯಿತು ಎಂಬ ನೋವು ಅಧಿಕಾರಿಯ ಮನಸ್ಸಿನಲ್ಲಿ ಉಳಿಯಬಾರದು ಎಂದು ಸರ್ಕಾರಕ್ಕೆ ಹೇಳಿತು. ಅರ್ಜಿಯನ್ನು ವಜಾ ಮಾಡುತ್ತಿದ್ದೇವೆ, ಸಮಸ್ಯೆಯನ್ನಲ್ಲ ಎಂಬುದು ತೀರ್ಪಿನ ಕೊನೆಯ ಮಾತುಗಳಲ್ಲೊಂದು.

ನನ್ನ ಮಟ್ಟಿಗೆ ಇದು ಪೂರ್ತಿ ಗೆಲುವೇ. ಬಡ್ತಿ ಅವರೊಬ್ಬರಿಗೆ ಸಿಕ್ಕಿತು, ಆದರೆ ಆ ಎರಡು ನಿಯಮ ಹೋದದ್ದು ಮುಂದೆ ಬಂದ ಪ್ರತಿಯೊಬ್ಬ ಹೆಣ್ಣುಮಗಳಿಗೂ ಸೇರಿದ್ದು.

ಆಮೇಲೆ

ಮುತ್ತಮ್ಮ 1982ರಲ್ಲಿ ನಿವೃತ್ತರಾದರು. ಸ್ವೀಡನ್ನಿನ ಪ್ರಧಾನಿಯಾಗಿದ್ದ ಒಲೋಫ್ ಪಾಮೆ ಅವರ ನೇತೃತ್ವದಲ್ಲಿ ನಿಶ್ಶಸ್ತ್ರೀಕರಣದ ಬಗ್ಗೆ ರಚನೆಯಾದ ಸ್ವತಂತ್ರ ಆಯೋಗಕ್ಕೆ ಭಾರತದಿಂದ ಸದಸ್ಯರಾಗಿದ್ದವರು ಅವರೇ. ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಸೈರಸ್ ವ್ಯಾನ್ಸ್, ಬ್ರಿಟನ್ನಿನ ಡೇವಿಡ್ ಓವೆನ್ ಅಂಥವರ ಜೊತೆ ಸಮಕ್ಕೆ ಕೂತು ಅಣ್ವಸ್ತ್ರಗಳ ಬಗ್ಗೆ ಚರ್ಚೆ ಮಾಡಿದವರು. ಕೊಡವ ಅಡುಗೆಯ ಬಗ್ಗೆಯೂ ಪುಸ್ತಕ ಮಾಡಿದರು. 2001ರಲ್ಲಿ ಚೋಕಿಲಾ ಅಯ್ಯರ್ ದೇಶದ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದರು. 2009ರ ಆಗಸ್ಟ್‌ನಲ್ಲಿ ಎರಡನೆಯವರಾಗಿ ನಿರುಪಮಾ ರಾವ್ ಬಂದರು. ಇವರು ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದವರು. ಅವರ ಪತಿ ಕರ್ನಾಟಕದ ಐಎಎಸ್ ಅಧಿಕಾರಿಯಾಗಿದ್ದರು. ಈ ಇಬ್ಬರೂ ಆ ಹುದ್ದೆಗೆ ಬಂದದ್ದನ್ನು ಮುತ್ತಮ್ಮ ಕಂಡರು. 2009ರ ಅಕ್ಟೋಬರ್ 14ರಂದು, 85ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಈಗ ಸೇರಬೇಕೆಂದರೆ

ಐಎಎಸ್, ಐಪಿಎಸ್‌ಗೆ ಬರೆಯುವ ಯುಪಿಎಸ್‌ಸಿ ಪರೀಕ್ಷೆಯೇ ಇದಕ್ಕೂ. ಪದವಿ ಆಗಿರಬೇಕು, ವಯಸ್ಸು 21 ತುಂಬಿರಬೇಕು, ಸಾಮಾನ್ಯ ವರ್ಗದವರಿಗೆ 32ರ ಒಳಗೆ ಆರು ಅವಕಾಶ. ಯಾವ ಸೇವೆ ಬೇಕು ಎಂದು ತಿಳಿಸುವಾಗ ವಿದೇಶಾಂಗ ಸೇವೆಯನ್ನು ಮೇಲೆ ಹಾಕಬೇಕು. ಆಯ್ಕೆಯಾದವರಿಗೆ ಮೊದಲು ಮಸ್ಸೂರಿಯಲ್ಲಿ, ಆಮೇಲೆ ದಿಲ್ಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ತರಬೇತಿ. ನಂತರ ಒಂದು ವಿದೇಶಿ ಭಾಷೆ ಕಡ್ಡಾಯ. ಅರಬ್ಬಿ, ಚೀನಿ, ರಷ್ಯನ್, ಸ್ಪ್ಯಾನಿಷ್ ಹೀಗೆ ಯಾವುದೋ ಒಂದು. ಆ ಭಾಷೆಯ ದೇಶಕ್ಕೇ ತೃತೀಯ ಕಾರ್ಯದರ್ಶಿಯಾಗಿ ಕಳಿಸಿ ಕಲಿಸುತ್ತಾರೆ, ಪರೀಕ್ಷೆ ಪಾಸಾದರೆ ಮಾತ್ರ ಕೆಲಸ ಕಾಯಂ.

ಇಂಗ್ಲಿಷ್ ಶಾಲೆಯಲ್ಲಿ ಓದಿಲ್ಲ, ಹಾಗಾಗಿ ಇದು ನಮಗಲ್ಲ ಎಂದು ನಮ್ಮ ಹಳ್ಳಿ ಕಡೆಯ ಹುಡುಗ ಹುಡುಗಿಯರು ಹಿಂದೆ ಸರಿಯುವುದುಂಟು. ಹಾಗೇನಿಲ್ಲ. ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷ್ ಪತ್ರಿಕೆಯೊಂದನ್ನು ಪಾಸು ಮಾಡಿಕೊಂಡರೆ, ಉಳಿದ ಉತ್ತರಗಳನ್ನು ಕನ್ನಡದಲ್ಲೇ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲೇ ಕೊಡಬಹುದು.